ತಾತನ ಫೋಟೋದಲ್ಲಿರುವ ಲಿಬರೇಟರ್ ಬಾಂಬರ್ ವಿಮಾನ ಯಾವುದು? ‘ಎಚ್‌ಇ 8’ ತನಕ ಓದಲು ಆಗುತ್ತಿದೆ

ಮುರುಗೇಶಪಾಳ್ಯದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಫಿಟ್ಟರ್ ಆಗಿದ್ದರು. ಯುದ್ಧದ ಸಮಯದಲ್ಲಿ ಅಮೆರಿಕದವರು ಫ್ಯಾಕ್ಟರಿ ನಡೆಸುತ್ತಿದ್ದಾಗ ಹುಡುಗನಾಗಿ ಸೇರಿದವರು, ರಿಟೈರ್ ಆಗುವವರೆಗೂ ಅಲ್ಲೇ ಇದ್ದರು. ಈಗ ಅವರಿಲ್ಲ. ಅಜ್ಜಿಯ ಬೀರು ಖಾಲಿ ಮಾಡುವಾಗ ಒಂದು ಕಪ್ಪು ಬಿಳುಪು ಫೋಟೋ ಸಿಕ್ಕಿತು. ಅದರ ಬಗ್ಗೆಯೇ ನನ್ನ ಪ್ರಶ್ನೆ.

ಫೋಟೋದಲ್ಲಿ ಒಂದು ದೊಡ್ಡ ವಿಮಾನದ ಹಿಂಭಾಗದ ಅರ್ಧ ಕಾಣುತ್ತದೆ. ಬಾಲದ ಎರಡೂ ತುದಿಯಲ್ಲಿ ಮೊಟ್ಟೆಯಾಕಾರದ ಎರಡು ತಟ್ಟೆಗಳಿವೆ. ರೆಕ್ಕೆ ಮೈಯ ಮೇಲ್ಭಾಗದಲ್ಲಿದೆ. ಎಡಗಡೆ ಎರಡು ಎಂಜಿನ್ ಕಾಣುತ್ತವೆ, ಹಾಗಾಗಿ ಒಟ್ಟು ನಾಲ್ಕು ಅಂದುಕೊಂಡಿದ್ದೇನೆ. ಮುಂದೆ ಸಾಲಾಗಿ ಕೆಲಸಗಾರರು ನಿಂತಿದ್ದಾರೆ, ಎಡತುದಿಯಲ್ಲಿ ತಾತ. ಒಬ್ಬರು ಏಣಿ ಹತ್ತಿ ನಿಂತಿದ್ದಾರೆ, ಅವರ ಭುಜ ಸರಿಯಾಗಿ ನಂಬರ್‌ಗೆ ಅಡ್ಡ ಬಂದಿದೆ. ‘ಎಚ್‌ಇ 8’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಸ್ಪಷ್ಟವಾಗಿದೆ, ಆಮೇಲಿನದು ಇಲ್ಲ. ಅದೇ ಜಾಗದ ಸ್ವಲ್ಪ ಕೆಳಗೆ, ಅಳಿಸಿದ ಹಾಗೆ, ಮಸುಕಾಗಿ ‘ಕೆ’ ಅಕ್ಷರ. ಅದರ ಪಕ್ಕ ಇನ್ನೊಂದು ಅಕ್ಷರದ ನೆರಳು. ಮೈಮೇಲಿನ ವೃತ್ತದ ಗುರುತಿನಲ್ಲಿ ಚಕ್ರ ಇದೆ, ಕಡ್ಡಿಗಳೂ ಕಾಣುತ್ತವೆ. ಫೋಟೋ ಹಿಂದೆ ನೀಲಿ ಬಾಲ್ ಪೆನ್ನಿನಲ್ಲಿ ತಾತನ ಕೈಬರಹ: ‘ಕಾನ್ಪುರ ವಿಮಾನ’.

ಮನೆಯಲ್ಲಿ ತಾತ ಯಾವಾಗಲೂ ಹೇಳುತ್ತಿದ್ದ ಮಾತು ಒಂದೇ. “ನಾವು ರಿಪೇರಿ ಮಾಡಿದ ವಿಮಾನ ಈಗ ಲಂಡನ್‌ನಲ್ಲಿದೆ.” ಅಮ್ಮನಿಗೆ ಈ ಫೋಟೋದಲ್ಲಿರುವುದು ಅದೇನಾ ಅಂತ ತಿಳಿಯುವ ಆಸೆ. ಹೇಗೆ ಕಂಡುಹಿಡಿಯೋದು? ಸ್ಕ್ಯಾನ್ ಹಾಕಿದ್ದೇನೆ.

---

ಹಳೇ ದಾಖಲೆ

ಮೇಡಂ, ಮೊದಲು ಒಂದು ಮಾತು. ಈ ಫೋಟೋವನ್ನು ಯಾವ ಆ್ಯಪ್‌ಗೂ ಹಾಕಿ ‘ಕ್ಲಿಯರ್’ ಮಾಡಿಸಬೇಡಿ. ಈಗಿನ ಎಐ ಆ್ಯಪ್‌ಗಳು ಮಸುಕಾದ ಜಾಗದಲ್ಲಿ ಇಲ್ಲದ ಅಂಕೆಯನ್ನು ಚೆಂದವಾಗಿ ಬರೆದುಕೊಡುತ್ತವೆ. ನೋಡಿದವರು ನಂಬುತ್ತಾರೆ. ಆ ತಪ್ಪು ನಂಬರ್ ಹತ್ತು ಕಡೆ ಹರಡಿದ ಮೇಲೆ ತಿದ್ದೋದು ಬಹಳ ಕಷ್ಟ.

ಇದು ಬಿ-24 ಲಿಬರೇಟರ್, ಅದರಲ್ಲಿ ಅನುಮಾನವೇ ಬೇಡ. ಎರಡು ಬಾಲದ ಬಾಂಬರ್ ಬೇರೆಯೂ ಇದ್ದವು. ಬ್ರಿಟಿಷರ ಲ್ಯಾಂಕಾಸ್ಟರ್‌ಗೂ ಎರಡು ಬಾಲ, ಅಮೆರಿಕದ ಬಿ-25ಕ್ಕೂ ಎರಡು. ಆದರೆ ಬಿ-25ಕ್ಕೆ ಎರಡೇ ಎಂಜಿನ್. ಲ್ಯಾಂಕಾಸ್ಟರ್ ರೆಕ್ಕೆ ಮೈಯ ಮಧ್ಯದಲ್ಲಿ ಕೂರುತ್ತದೆ, ಹಿಂಬದಿಯಲ್ಲಿ ಬಾಲ ನೆಲಕ್ಕೆ ತಗ್ಗಿರುತ್ತದೆ. ನಿಮ್ಮದರಲ್ಲಿ ರೆಕ್ಕೆ ಎತ್ತರದಲ್ಲಿದೆ, ತೆಳ್ಳಗೆ ಉದ್ದಕ್ಕಿದೆ, ಬಾಲ ಮೇಲೆದ್ದು ನಿಂತಿದೆ.

‘ಎಚ್‌ಇ’ ಅಂದರೆ ಅದು ನಮ್ಮ ವಾಯುಪಡೆಯ ಲಿಬರೇಟರ್. ಇವುಗಳ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಆ ಮಸುಕಾದ ‘ಕೆ’ ಅರ್ಥ ಆಗಲ್ಲ.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್‌ಗಳನ್ನು ಕಾನ್ಪುರದ ಚಕೇರಿಯಲ್ಲಿ ಬಿಟ್ಟಿತು. ಅವು ಅಮೆರಿಕದಿಂದ ಲೆಂಡ್-ಲೀಸ್ ಅನ್ನೋ ಯುದ್ಧಕಾಲದ ಎರವಲು ಒಪ್ಪಂದದಲ್ಲಿ ಬಂದವು. ವಾಪಸ್ ಕೊಡಬೇಕು, ಇಲ್ಲಾಂದ್ರೆ ಯಾರೂ ಬಳಸದ ಹಾಗೆ ಕೆಡಿಸಬೇಕು. ಅಷ್ಟು ದೂರ ವಾಪಸ್ ಕಳಿಸೋದು ಯಾರಿಗೂ ಬೇಕಿರಲಿಲ್ಲ. ಹಾಗಾಗಿ ಕೆಡಿಸಿದರು. 1948ರಲ್ಲಿ ನಮಗೆ ಭಾರೀ ಬಾಂಬರ್ ಬೇಕಾಯಿತು. ಆ ಗುಜರಿ ರಾಶಿಯ ಮುಂದೆ ಹೋಗಿ ನಿಂತವರು ಎಚ್‌ಎಎಲ್ ಕೆಲಸಗಾರರು. ಹಾರುವಷ್ಟು ಮಟ್ಟಿಗೆ ಅಲ್ಲೇ ಸರಿಮಾಡಿದರು. ಎಚ್‌ಎಎಲ್‌ನ ಪೈಲಟ್ ಜಮ್‌ಶೇಡ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿ ವಾಯುಪಡೆಗೆ ಕೊಟ್ಟರು. ಒಟ್ಟು ನಲವತ್ತರ ಆಸುಪಾಸು. ಅದೇ ವರ್ಷ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯಿತು. ಆಮೇಲೆ 6ನೇ ಸ್ಕ್ವಾಡ್ರನ್ ಪುಣೆಯಿಂದ ಇವನ್ನೇ ಸಮುದ್ರ ಕಾವಲಿಗೆ ಹಾರಿಸಿತು, 1968ರ ತನಕ. ಜಗತ್ತಿನಲ್ಲಿ ಹದಿನೆಂಟು ಸಾವಿರಕ್ಕೂ ಜಾಸ್ತಿ ಲಿಬರೇಟರ್ ಮಾಡಿದ್ದರು. ಇವತ್ತು ಮ್ಯೂಸಿಯಂಗಳಲ್ಲಿ ಉಳಿದಿರುವ ಬೆರಳೆಣಿಕೆಯಷ್ಟರಲ್ಲಿ ಒಂದು ದೊಡ್ಡ ಪಾಲು ನಿಮ್ಮ ತಾತನಂಥವರ ಕೈಯಲ್ಲಿ ರಿಪೇರಿಯಾದವು. ಈ ಮಾತು ನಮ್ಮೂರಿನಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನನಗೆ ಅದು ನಿಜಕ್ಕೂ ನೋವು.

ಈಗ ನಂಬರ್ ವಿಷಯ. ಇಂಥ ಒಂದೊಂದು ವಿಮಾನಕ್ಕೂ ಮೂರು ನಂಬರ್ ಇರುತ್ತದೆ. ಅಮೆರಿಕದ್ದು ಒಂದು, ಬ್ರಿಟಿಷರದ್ದು ಒಂದು, ನಮ್ಮದು ಒಂದು. ಲಂಡನ್ ವಿಮಾನ ಅಂತ ತಾತ ಹೇಳಿದ್ದು ಅಲ್ಲಿನ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂನಲ್ಲಿರೋದು. ಅದು 44-50206 ಆಗಿ ಹುಟ್ಟಿ, ಬ್ರಿಟಿಷರಲ್ಲಿ ಕೆಎನ್ 751 ಆಗಿ 99ನೇ ಸ್ಕ್ವಾಡ್ರನ್‌ನಲ್ಲಿತ್ತು. ನಮ್ಮಲ್ಲಿ ಎಚ್‌ಇ 807 ಆಯಿತು. 1974ರಲ್ಲಿ ಭಾರತ ಸರ್ಕಾರ ಅದನ್ನು ಕೊಟ್ಟಿತು, ಹಾರಿಕೊಂಡೇ ಹೋಯಿತು.

ಆದರೆ ಎಚ್‌ಇ 8 ಅಂತ ಶುರುವಾಗೋದು ಅದೊಂದೇ ಅಲ್ಲ. ಅಮೆರಿಕದ ಅರಿಝೋನಾದಲ್ಲಿ, ಟೂಸಾನ್ ಊರಿನ ಪೀಮಾ ಮ್ಯೂಸಿಯಂನಲ್ಲಿರೋದು ಎಚ್‌ಇ 877. ಅದರ ಅಮೆರಿಕದ ನಂಬರ್ 44-44175, ಬ್ರಿಟಿಷ್ ನಂಬರ್ ಕೆಎಚ್ 304. ಅದು 1969ರಲ್ಲಿ ಇಲ್ಲಿಂದ ಹಾರಿ ಹೋಯಿತು. ನೋಡಿ ಎಂಥ ಇಕ್ಕಟ್ಟು! ಎರಡೂ ಎಂಟರಿಂದ ಶುರು, ಎರಡೂ ಏಳರಲ್ಲಿ ಕೊನೆ. ಅಳಿಸಿದ ಹಳೆಯ ಬ್ರಿಟಿಷ್ ನಂಬರ್ ಎರಡಕ್ಕೂ ‘ಕೆ’ಯಿಂದಲೇ ಶುರು. ವ್ಯತ್ಯಾಸ ಇರೋದು ಮಧ್ಯದ ಅಂಕೆಯಲ್ಲಿ, ‘ಕೆ’ ಪಕ್ಕದ ಅಕ್ಷರದಲ್ಲಿ. ಸರಿಯಾಗಿ ಅದೇ ಜಾಗಕ್ಕೆ ಆ ಏಣಿಯವರ ಭುಜ ಬಂದಿದೆ.

ಇನ್ನೊಂದು ಎಚ್ಚರ. ಎಚ್‌ಇ 8ರಲ್ಲಿ ಉಳಿದಿರೋ ಈ ಎರಡು ನಮಗೆ ಗೊತ್ತು ಅಂತ ಫೋಟೋದಲ್ಲಿರೋದೂ ಇವೆರಡರಲ್ಲಿ ಒಂದೇ ಆಗಬೇಕಿಲ್ಲ. ಎಚ್‌ಇ 8ರ ಸಾಲಿನಲ್ಲಿ ಗುಜರಿಗೆ ಹೋದವೂ ಇದ್ದವು. ನಮ್ಮ ಆಸೆಗೆ ತಕ್ಕ ವಿಮಾನ ಆರಿಸಿ ಆಮೇಲೆ ಫೋಟೋ ನೋಡಿದರೆ, ಕಣ್ಣಿಗೆ ಬೇಕಾದ ಅಂಕೆಯೇ ಕಾಣುತ್ತದೆ. ಮೊದಲು ಫೋಟೋ ಏನು ಹೇಳುತ್ತದೋ ಅಷ್ಟನ್ನೇ ಓದೋಣ.

ನೀವು ಮಾಡಬೇಕಾದ್ದು: ಫೋಟೋವನ್ನು ಸ್ಕ್ಯಾನರ್‌ನಲ್ಲಿ 1200 ಡಿಪಿಐಗೆ ಇಟ್ಟು, ಟಿಫ್ ಫೈಲ್ ಆಗಿ ಉಳಿಸಿ. ವಾಟ್ಸ್ಯಾಪ್‌ನಲ್ಲಿ ಕಳಿಸಬೇಡಿ, ಅದು ಫೈಲನ್ನು ಹಿಂಡಿಬಿಡುತ್ತದೆ. ನಂಬರ್ ಇರುವ ಭಾಗವನ್ನು ಬೇರೆಯಾಗಿ ಕತ್ತರಿಸಿ ಹಾಕಿ. ಎಡಗಡೆಯ ಪಕ್ಕದ ಕಿಟಕಿಯ ಸುತ್ತಮುತ್ತಲನ್ನೂ ಹಾಕಿ.

ಹಿಂದಿನ ಬರಹದ ಬಗ್ಗೆ: ಬಾಲ್ ಪೆನ್ ಅಂದಿರಿ. ಆ ಕಾಲಕ್ಕೆ ಇಲ್ಲಿನ ಕಾರ್ಮಿಕರ ಕೈಯಲ್ಲಿ ಬಾಲ್ ಪೆನ್ ಇರುತ್ತಿರಲಿಲ್ಲ. ತಾತ ಅದನ್ನು ಎಷ್ಟೋ ವರ್ಷ ಬಿಟ್ಟು ಬರೆದಿದ್ದಾರೆ. ‘ಕಾನ್ಪುರ ವಿಮಾನ’ ಅಂದರೆ ಕಾನ್ಪುರದಿಂದ ಬಂದ ವಿಮಾನ ಅಂತಲೂ ಆಗಬಹುದು, ಅಲ್ವಾ? ಫೋಟೋ ತೆಗೆದ ಜಾಗ ಅಂತ ಅದನ್ನು ಹಿಡಿಯಬೇಡಿ. ಕಾಲ ತಿಳಿಯೋಕೆ ಆ ಚಕ್ರದ ಗುರುತು ಹೆಚ್ಚು ಗಟ್ಟಿ. ಸ್ವಾತಂತ್ರ್ಯ ಬಂದ ಶುರುವಿನಲ್ಲಿ ನಮ್ಮ ವಿಮಾನಗಳ ಮೇಲೆ ಅಶೋಕ ಚಕ್ರ ಇರುತ್ತಿತ್ತು. 1950ರ ಸುಮಾರಿಗೆ ಈಗಿನ ಮೂರು ಬಣ್ಣದ ವೃತ್ತ ಬಂತು. ಹಾಗಾದರೆ ನಿಮ್ಮ ಫೋಟೋ ಲಿಬರೇಟರ್‌ಗಳು ಬಂದ ಮೊದಲ ಒಂದೆರಡು ವರ್ಷದ್ದು.

---

ನಿವೃತ್ತ ಫಿಟ್ಟರ್

ಮಗಳೇ, ಸ್ಕ್ಯಾನ್ ನೋಡಿದೆ. ನಾನು ಅದೇ ಕಾರ್ಖಾನೆಯಲ್ಲಿ ಎಪ್ಪತ್ತರ ದಶಕದಲ್ಲಿ ಸೇರಿದವನು. ಲಿಬರೇಟರ್ ಕೆಲಸ ನನ್ನ ಕಾಲಕ್ಕೆ ಮುಗಿದಿತ್ತು. ಆದರೆ ನನಗೆ ರಿವೆಟ್ ಹೊಡೆಯೋದು ಕಲಿಸಿದವರು ಅದನ್ನು ಮಾಡಿದವರೇ. ನಿಮ್ಮ ತಾತನ ಜೊತೆಯವರೇ ಇರಬೇಕು.

ನಂಬರ್ ಬಿಡಿ, ನನ್ನ ಕಣ್ಣು ಹೋಗಿದ್ದು ಬೇರೆ ಕಡೆ. ಪಕ್ಕದ ಕಿಟಕಿಯ ಕೆಳಗೆ, ತಾತ ನಿಂತಿರುವ ತಲೆಯ ಮೇಲೆ, ಒಂದು ಪ್ಯಾಚ್ ಇದೆ. ಸರಿಯಾಗಿ ನೋಡಿ. ಸುತ್ತಲಿನ ತಗಡಿಗಿಂತ ಅದು ಸ್ವಲ್ಪ ಹೊಳೆಯುತ್ತಿದೆ, ಹೊಸ ತಗಡು. ಮೂರು ಮೂಲೆ ದುಂಡಗೆ ಇದೆ, ನಾಲ್ಕನೆಯ ಮೂಲೆಯನ್ನು ಓರೆಯಾಗಿ ಕತ್ತರಿಸಿದ್ದಾರೆ.

ಯಾಕೆ ಅಂತ ಹೇಳುತ್ತೇನೆ. ತಗಡು ಹರಿದಿದ್ದರೆ ಮೊದಲು ಹರಿದ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯುತ್ತೇವೆ. ಮೂಲೆ ಚೂಪಾಗಿ ಬಿಟ್ಟರೆ ಅಲ್ಲಿಂದಲೇ ಮತ್ತೆ ಬಿರುಕು ಹೊರಡುತ್ತದೆ, ಅದಕ್ಕೇ ದುಂಡಗೆ ಮಾಡೋದು. ಆಮೇಲೆ ಅದಕ್ಕಿಂತ ದೊಡ್ಡ ತಗಡು ಇಟ್ಟು ಸುತ್ತ ರಿವೆಟ್ ಸಾಲು ಹೊಡೆಯಬೇಕು. ಹೊರಗೆ ಒಬ್ಬ ರಿವೆಟ್ ಹೊಡೆಯೋ ಗನ್ ಹಿಡಿದರೆ ಒಳಗೆ ಒಬ್ಬ ಡಾಲಿ, ಅಂದರೆ ಭಾರದ ಕಬ್ಬಿಣದ ತುಂಡು, ಒತ್ತಿ ಹಿಡಿಯಬೇಕು. ಇಬ್ಬರ ಕೈ ಹೊಂದದಿದ್ದರೆ ರಿವೆಟ್ ಸೊಟ್ಟಗೆ ಕೂರುತ್ತದೆ. ಆ ಓರೆ ಮೂಲೆ ಯಾಕೆ ಬಂತು ಅಂದರೆ, ಒಳಗಡೆ ಅಲ್ಲಿ ಆಧಾರದ ಪಟ್ಟಿ ಹಾದು ಹೋಗಿರಬೇಕು. ಅದರ ರಿವೆಟ್‌ಗಳಿಗೆ ಹೊಸ ರಿವೆಟ್ ಅಡ್ಡ ಬರಬಾರದು ಅಂತ ತಪ್ಪಿಸಿದ್ದಾರೆ. ಪುಸ್ತಕ ನೋಡಿ ಮಾಡಿದ್ದಲ್ಲ ಅದು, ಜಾಗ ನೋಡಿ ಮಾಡಿದ ಕೆಲಸ.

ಈ ಪ್ಯಾಚ್ ಬೆರಳಚ್ಚಿನ ಹಾಗೆ. ನಂಬರ್ ಅಳಿಸಿ ಬೇರೆ ಬರೆಯಬಹುದು, ಬಣ್ಣ ಎಷ್ಟು ಸಲ ಬೇಕಾದರೂ ಹೊಡೆಯಬಹುದು. ಗಟ್ಟಿಯಾಗಿ ಕೂತ ಪ್ಯಾಚನ್ನು ಸುಮ್ನೆ ಯಾರೂ ಕೀಳುವುದಿಲ್ಲ. ವಿಮಾನ ಎಲ್ಲಾದರೂ ಉಳಿದಿದ್ದರೆ ಇದೂ ಉಳಿದಿರುತ್ತದೆ.

---

ಮುರುಗೇಶಪಾಳ್ಯದ ಮೊಮ್ಮಗಳು

ಇಬ್ಬರಿಗೂ ತುಂಬಾ ಧನ್ಯವಾದ. ಪ್ಯಾಚ್ ಬಗ್ಗೆ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಮತ್ತೆ ಮತ್ತೆ ಓದಿಸಿಕೊಂಡರು.

ಎಂ.ಜಿ. ರಸ್ತೆಯ ಒಂದು ಸ್ಟುಡಿಯೋದಲ್ಲಿ 1200ಕ್ಕೆ ಸ್ಕ್ಯಾನ್ ಮಾಡಿಸಿದೆ. ಫೈಲ್ ಹಾಕಿದ್ದೇನೆ. ನನಗೆ ಕಂಡದ್ದು ಇಷ್ಟು. ಎಂಟರ ಪಕ್ಕದ ಅಂಕೆಯ ತಲೆ ಭುಜದ ಮೇಲೆ ಸ್ವಲ್ಪ ಇಣುಕುತ್ತದೆ. ಅದು ಚಪ್ಪಟೆ ಗೆರೆ. ಗೆರೆಯ ಎಡತುದಿಯ ಕೆಳಗೆ ಖಾಲಿ ತಗಡು ಕಾಣುತ್ತದೆ. ಮೂರನೆಯ ಅಂಕೆ ಪೂರ್ತಿ ಮುಚ್ಚಿದೆ. ಹಳೆಯ ‘ಕೆ’ ಪಕ್ಕದಲ್ಲಿ ಎರಡು ನೇರ ಕಂಬ ಇವೆ, ಮಧ್ಯದಲ್ಲಿ ಅಡ್ಡ ಗೆರೆಯ ಥರ ಏನೋ ಇದೆ. ಇಂಗ್ಲಿಷಿನ ‘ಎಚ್’ ಅಂತ ನನಗನ್ನಿಸುತ್ತದೆ. ಹಾಗಾದರೆ ಟೂಸಾನ್‌ನದ್ದೇ ಅಲ್ವಾ ಸರ್?

ಹಾಗೇ ಆದರೆ, ತಾತ ಲಂಡನ್ ಅಂತ ಯಾಕೆ ಹೇಳುತ್ತಿದ್ದರು?

---

ಹಳೇ ದಾಖಲೆ

ಒಳ್ಳೆಯ ಸ್ಕ್ಯಾನ್. ನಿಧಾನವಾಗಿ ಹೋಗೋಣ.

ಮಧ್ಯದ ಅಂಕೆಯ ಬಗ್ಗೆ ನಿಮ್ಮ ಓದು ಸರಿ. ನಾನು ‘ಇ’ ಅಕ್ಷರದ ಅಗಲವನ್ನು ಅಳತೆ ಮಾಡಿ, ಅದೇ ಅಂತರ ಬಿಟ್ಟು ಮುಂದಿನ ಅಂಕೆಗಳು ಎಲ್ಲಿ ಕೂರಬೇಕು ಅಂತ ಗೆರೆ ಎಳೆದೆ. ಆ ಚಪ್ಪಟೆ ತಲೆ ಮಧ್ಯದ ಅಂಕೆಯ ಜಾಗದಲ್ಲೇ ಬೀಳುತ್ತದೆ. ಸೊನ್ನೆಯ ತಲೆ ಬಾಗಿರುತ್ತದೆ, ಅದು ಇಲ್ಲಿ ಇಲ್ಲ. ಐದಕ್ಕೂ ಏಳಕ್ಕೂ ಚಪ್ಪಟೆ ತಲೆ ಇರುತ್ತದೆ. ಆದರೆ ಐದಾಗಿದ್ದರೆ ಎಡತುದಿಯಿಂದ ಒಂದು ಕಡ್ಡಿ ಕೆಳಗಿಳಿಯಬೇಕು, ಅಲ್ಲಿ ಬರೀ ತಗಡು ಕಾಣುತ್ತಿದೆ. ಹಾಗಾಗಿ ಏಳು. ಇಷ್ಟನ್ನು ನಾನು ಧೈರ್ಯವಾಗಿ ಹೇಳುತ್ತೇನೆ: ಇದು ಎಚ್‌ಇ 807 ಅಲ್ಲ. ಲಂಡನ್‌ನದ್ದಲ್ಲ.

ಆದರೆ ಟೂಸಾನ್‌ನದ್ದೇ ಅಂತ ಹೇಳೋದಕ್ಕೆ ಇನ್ನೂ ಆಗಲ್ಲ. ಈಗ ನಮ್ಮ ಕೈಯಲ್ಲಿರೋದು ಎಚ್‌ಇ 87, ಮುಂದೆ ಒಂದು ಅಂಕೆ ಗೊತ್ತಿಲ್ಲ. ‘ಎಚ್’ ನೆರಳಿನ ಅಡ್ಡ ಗೆರೆಯನ್ನು ದೊಡ್ಡದು ಮಾಡಿ ನೋಡಿದರೆ, ಅದು ಅಕ್ಷರದ ಆಚೆಗೂ ಹೋಗಿದೆ. ಬಲಕ್ಕೆ ಅದೇ ಎತ್ತರದಲ್ಲಿ ಚುಕ್ಕಿ ಚುಕ್ಕಿಯಾಗಿ ಮುಂದುವರಿಯುತ್ತದೆ. ಅದು ಎರಡು ತಗಡು ಸೇರುವ ಕಡೆಯ ರಿವೆಟ್ ಸಾಲು. ಹಾಗಾಗಿ ಅಲ್ಲಿರೋದು ‘ಎಚ್’ ಇರಬಹುದು, ‘ಎನ್’ ಕೂಡ ಇರಬಹುದು. ಓರೆ ಗೆರೆ ಬಣ್ಣ ಉಜ್ಜುವಾಗ ಹೋಗಿರಬಹುದು. ಅದನ್ನು ಸಾಕ್ಷಿ ಅಂತ ಹಿಡಿಯೋದು ಬೇಡ.

ನಾನು ಇಷ್ಟು ಹಟ ಮಾಡೋದಕ್ಕೆ ಕಾರಣ ಇದೆ. 1944ರ ಜನವರಿ 25ರಂದು ಚೀನಾದ ಕುನ್ಮಿಂಗ್‌ನಿಂದ ಅಸ್ಸಾಮಿನ ಚಾಬುವಾಗೆ ಹೊರಟ ಒಂದು ಅಮೆರಿಕನ್ ಲಿಬರೇಟರ್ ಕಾಣೆಯಾಯಿತು. ಮೂಗಿನ ಮೇಲೆ ‘ಹಾಟ್ ಆ್ಯಸ್ ಹೆಲ್’ ಅಂತ ಹೆಸರು, ಒಳಗೆ 8 ಜನ. 2006ರಲ್ಲಿ ಅರುಣಾಚಲದ ದಮ್ರೋ ಹತ್ತಿರದ ಬೆಟ್ಟದಲ್ಲಿ ಅದರ ಅವಶೇಷ ಪತ್ತೆಯಾಯಿತು. ಅದು 42-73308 ಅಂತ ಖಚಿತವಾದ ಮೇಲೇ ಅದು ಯಾರ ವಿಮಾನ, ಒಳಗಿದ್ದವರು ಯಾರು ಅಂತ ಹೇಳಲು ಆಗಿದ್ದು. ಅವರಲ್ಲಿ ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ಅವರ ಮೂಳೆಗಳು 2017ರಲ್ಲಿ ಜಾರ್ಜಿಯಾದ ಅವರ ಊರಿಗೆ ತಲುಪಿದವು. ಮೂಗಿನ ಮೇಲಿನ ಹೆಸರು ನಾಲ್ಕು ವಿಮಾನಕ್ಕೆ ಇರಬಹುದು. ಸ್ಕ್ವಾಡ್ರನ್‌ನ ಅಕ್ಷರ, ವಿಮಾನ ಕಳೆದುಹೋದ ಮರುವಾರವೇ ಹೊಸದರ ಮೇಲೆ ಏರಬಹುದು. ನಂಬರ್ ಮಾತ್ರ ಒಂದಕ್ಕೊಂದೇ. ಒಂದು ಅಂಕೆ ಅಂದಾಜಿಗೆ ಬರೆದರೆ ಬೇರೆ ಯಾರದೋ ಮನೆಯ ಕಥೆ ನಮ್ಮ ಫೋಟೋಗೆ ಅಂಟುತ್ತದೆ.

ತಾತನ ಮಾತಿನ ಬಗ್ಗೆ. ತಾತ ಹೇಳಿದ್ದು ನಿಜವೇ ಇರಬೇಕು. 807 ಕೂಡ ಅದೇ ಕಾರ್ಖಾನೆಯಲ್ಲಿ ಎದ್ದು ನಿಂತದ್ದು. 1974ರಲ್ಲಿ ಅದು ಇಂಗ್ಲೆಂಡಿಗೆ ಹೊರಟಾಗ ತಾತ ಇನ್ನೂ ಕೆಲಸದಲ್ಲಿದ್ದರು ಅಲ್ವಾ? ಆ ಸುದ್ದಿ ಮನಸ್ಸಿನಲ್ಲಿ ಉಳಿದಿರುತ್ತದೆ. ಅವರ ಮಾತು ಒಂದು ವಿಮಾನದ್ದು, ಈ ಫೋಟೋ ಇನ್ನೊಂದರದ್ದು. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ.

ಇನ್ನು ಉಳಿದ ದಾರಿ ಫಿಟ್ಟರ್ ಸರ್ ತೋರಿಸಿದ್ದೇ. ಪೀಮಾದ ವಿಮಾನದಲ್ಲಿ ಅದೇ ಜಾಗದಲ್ಲಿ ಓರೆ ಮೂಲೆಯ ಪ್ಯಾಚ್ ಇದ್ದರೆ ಮುಗಿಯಿತು. ಹೊಂದಿಕೆ ಆದರೆ ನಮಗೆ ಕೆಎಚ್ 304 ಅನ್ನೋ ನಂಬರ್ ಸಿಗುತ್ತದೆ. ಅಲ್ಲಿಂದ ಬ್ರಿಟಿಷ್ ದಾಖಲೆಯ ಬಾಗಿಲು ತೆಗೆಯುತ್ತದೆ. ಅವರು ಪ್ರತಿ ವಿಮಾನಕ್ಕೂ ಫಾರ್ಮ್ 78 ಅಂತ ಒಂದು ಕಾರ್ಡ್ ಇಟ್ಟಿದ್ದರು, ಯಾವ ದಿನ ಯಾವ ಘಟಕಕ್ಕೆ ಹೋಯಿತು ಅಂತ. ಸ್ಕ್ವಾಡ್ರನ್ನಿನ ಫಾರ್ಮ್ 541ರಲ್ಲಿ ಪ್ರತಿ ಹಾರಾಟದ ವಿಮಾನದ ನಂಬರ್, ಒಳಗಿದ್ದವರ ಹೆಸರು, ಹೊರಟ ಹೊತ್ತು, ಬಂದ ಹೊತ್ತು ಇರುತ್ತದೆ. ಫಾರ್ಮ್ 541 ಲಂಡನ್‌ನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ, ಫಾರ್ಮ್ 78 ಕಾರ್ಡ್‌ಗಳು ಆರ್‌ಎಎಫ್ ಮ್ಯೂಸಿಯಂನಲ್ಲಿವೆ.

---

ಅರಿಝೋನಾ ಕನ್ನಡಿಗ

ನಾನು ಫೀನಿಕ್ಸ್ ಹತ್ತಿರ ಇದ್ದೇನೆ. ಟೂಸಾನ್ ಇಲ್ಲಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ಆ ವಿಮಾನವನ್ನು ಮಕ್ಕಳ ಜೊತೆ ನೋಡಿದ್ದೇನೆ, ಶೆಡ್ಡಿನ ಒಳಗೇ ನಿಲ್ಲಿಸಿದ್ದಾರೆ. ಈಗ ಅದರ ಮೇಲೆ ಅಮೆರಿಕದ ಯುದ್ಧಕಾಲದ ಬಣ್ಣ ಇದೆ. ಬೆಂಗಳೂರಿನ ಕೈಕೆಲಸ ಅದರ ಮೈಮೇಲಿದೆ ಅಂತ ಆಗ ಗೊತ್ತಿದ್ದರೆ ಮಕ್ಕಳಿಗೆ ತೋರಿಸುತ್ತಿದ್ದೆ. ಮುಂದಿನ ಶನಿವಾರ ಹೋಗುತ್ತೇನೆ. ಏನೇನು ಫೋಟೋ ತೆಗೆಯಬೇಕು ಹೇಳಿ.

---

ನಿವೃತ್ತ ಫಿಟ್ಟರ್

ಬಣ್ಣ ಇದ್ದರೂ ಚಿಂತೆ ಇಲ್ಲಪ್ಪ. ರಿವೆಟ್ ತಲೆ ಬಣ್ಣದ ಕೆಳಗೂ ಕಾಣುತ್ತದೆ. ಎದುರಿಗೆ ನಿಂತು ಫ್ಲ್ಯಾಶ್ ಹಾಕಿದರೆ ಎಲ್ಲಾ ಬೆಳ್ಳಗಾಗಿ ಹೋಗುತ್ತದೆ. ಪಕ್ಕದಲ್ಲಿ ನಿಂತು, ತಗಡಿಗೆ ಓರೆಯಾಗಿ ಟಾರ್ಚ್ ಬೆಳಕು ಬೀಳೋ ಹಾಗೆ ಮಾಡು. ಆಗ ಪ್ಯಾಚಿನ ಅಂಚು ಎದ್ದು ಕಾಣುತ್ತದೆ.

---

ಹಳೇ ದಾಖಲೆ

ತುಂಬಾ ಸಂತೋಷ ಸರ್. ವಿಮಾನದ ಎಡಗಡೆ ನಿಲ್ಲಿ, ಬಾಲದ ಕಡೆಯಿಂದ ಮುಂದಕ್ಕೆ ನೋಡುವ ಹಾಗೆ. ಫೋಟೋ ತೆಗೆದವರು ಅಲ್ಲಿಂದಲೇ ತೆಗೆದಿದ್ದಾರೆ. ಮೊದಲು ಪಕ್ಕದ ಕಿಟಕಿಯಿಂದ ಬಾಲದ ತನಕ ಪೂರ್ತಿ ಒಂದು ಚಿತ್ರ. ಆಮೇಲೆ ಕಿಟಕಿಯ ಕೆಳಗಿನ ಭಾಗ ಹತ್ತಿರದಿಂದ. ಬಣ್ಣ ಕಿತ್ತಿದ್ದ ಕಡೆ ಹಳೆಯ ಅಕ್ಷರ ಏನಾದರೂ ಇದ್ದರೆ ಅದನ್ನೂ ತೆಗೆಯಿರಿ.

ಹಗ್ಗ ದಾಟಿ ಒಳಗೆ ಹೋಗಬೇಡಿ, ಅಲ್ಲಿನ ಸಿಬ್ಬಂದಿಗೆ ಈ ಫೋಟೋದ ಪ್ರಿಂಟ್ ತೋರಿಸಿ ಕೇಳಿ. ಇಂಥ ಕೆಲಸಕ್ಕೆ ಮ್ಯೂಸಿಯಂನವರು ಸಾಮಾನ್ಯವಾಗಿ ಖುಷಿಯಿಂದ ನೆರವಾಗುತ್ತಾರೆ. ಅವರ ಬಳಿ ರಿಪೇರಿ ಕಾಗದಗಳು ಇವೆಯಾ ಅಂತಲೂ ವಿಚಾರಿಸಿ.

ಪ್ಯಾಚ್ ಇಲ್ಲದಿದ್ದರೂ ಫೋಟೋ ಹಾಕಿ ಸರ್. ಆಗ 877 ಅನ್ನು ಪಟ್ಟಿಯಿಂದ ತೆಗೆದು, ಉಳಿದ ಎಚ್‌ಇ 87ರ ವಿಮಾನಗಳನ್ನು ಹಿಡಿಯೋಣ. ಮೇಡಂ, ಅಷ್ಟರಲ್ಲಿ ಫೋಟೋದಲ್ಲಿರುವ ಉಳಿದವರು ಯಾರು ಅಂತ ಅಮ್ಮನನ್ನು ಕೇಳಿ ಬರೆದಿಡಿ. ಏಣಿ ಹತ್ತಿದವರ ಮನೆಯಲ್ಲೂ ಇದೇ ದಿನದ ಇನ್ನೊಂದು ಫೋಟೋ ಇರಬಹುದು.

---

ಮುರುಗೇಶಪಾಳ್ಯದ ಮೊಮ್ಮಗಳು

ಕೇಳಿದೆ ಸರ್. ಏಣಿ ಮೇಲಿರುವವರನ್ನು ಅಮ್ಮ ಗುರುತು ಹಿಡಿದರು. ಅವರ ಮಗ ಈಗಲೂ ಕೋಡಿಹಳ್ಳಿಯಲ್ಲಿದ್ದಾರಂತೆ. ಭಾನುವಾರ ಅಮ್ಮನನ್ನು ಕರೆದುಕೊಂಡು ಅವರ ಮನೆಗೆ ಹೋಗುತ್ತಿದ್ದೇನೆ.